ಸೋಪಿನ ಗುಳ್ಳೆ ಆಟಿಕೆ: ಪುಟ್ಟ ಮಕ್ಕಳಿಗೆ ಮಾಡಿಕೊಡುವುದು ಹೇಗೆ?



ಈ ಸಲದ ಗೋಡೆ ಪತ್ರಿಕೆಗೆ ‘ನಾನೇ ಮಾಡಿದ ಆಟಿಕೆ’ ಎಂಬ ವಿಷಯ ಕೊಟ್ಟಿದ್ದಾರೆ. ನಾನು ಸೋಪಿನ ಗುಳ್ಳೆ ಬಿಡುವ ಆಟಿಕೆ ಬಗ್ಗೆ ಬರೆಯುತ್ತಿದ್ದೇನೆ. ಇದೇನು ಮಹಾ, ಎಲ್ಲರಿಗೂ ಗೊತ್ತಿರೋದೇ ಅಂತ ನೀವು ನಗಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ದಸರಾ ರಜೆಯಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು ಪೂರ್ತಿ ಓದಿ, ಆಮೇಲೆ ನಗಿ.

ರಜೆಯಲ್ಲಿ ಅವ್ವ ಕಡಲೆಕಾಯಿ ಕೀಳೋ ಕೂಲಿಗೆ ಹೋಗುತ್ತಿದ್ದಳು. ನನ್ನ ತಂಗಿ ಪುಟ್ಟಿ ಮತ್ತು ಪಕ್ಕದ ಮನೆಯ ಇಬ್ಬರು ಚಿಕ್ಕ ಹುಡುಗರನ್ನು ನೋಡಿಕೊಳ್ಳುವ ಕೆಲಸ ನನ್ನದು. ಪುಟ್ಟಿಗೆ ನಾಲ್ಕು ವರ್ಷ. ಸಂತೆಯಲ್ಲಿ ಇಪ್ಪತ್ತು ರೂಪಾಯಿ ಕೊಟ್ಟು ತಂದ ಗುಳ್ಳೆ ಡಬ್ಬಿಯ ನೀರನ್ನು ಅವಳು ಒಂದೇ ಗಂಟೆಯಲ್ಲಿ ಚೆಲ್ಲಿಬಿಟ್ಟಳು. ಆಮೇಲೆ ಒಂದೇ ಸಮ ಅಳು. ‘ಅಳಬೇಡ, ನಾನೇ ಮಾಡಿಕೊಡ್ತೀನಿ’ ಅಂದೆ.

ಮೊದಲ ಸಲ ಯಾಕೆ ಬರಲಿಲ್ಲ?

ನಲ್ಲಿಯಲ್ಲಿ ಬರುವ ಬೋರ್‌ವೆಲ್ ನೀರಿಗೆ ಮೈ ಸೋಪು ತುರಿದು ಹಾಕಿ ಕಲಸಿದೆ. ನೊರೆ ಬರಲೇ ಇಲ್ಲ. ಒಡೆದ ಹಾಲಿನ ಹಾಗೆ ಬಿಳಿ ಗಸಿ ತೇಲಿತು. ಇನ್ನೂ ಸೋಪು ಹಾಕಿದೆ. ಅರ್ಧ ಸೋಪು ಮುಗಿಯಿತು, ಗುಳ್ಳೆ ಒಂದೂ ಬರಲಿಲ್ಲ. ಸಂಜೆ ಅವ್ವನ ಹತ್ತಿರ ಬೈಗುಳ ತಿಂದೆ.

ಮಾರನೇ ದಿನ ಚಿತ್ತಾ ಮಳೆ ಬಂತು. ಸೂರಿನ ತಗಡಿನಿಂದ ಇಳಿಯುವ ನೀರನ್ನು ಅಜ್ಜಿ ಬಿಂದಿಗೆಯಲ್ಲಿ ಹಿಡಿದಿಟ್ಟಿತ್ತು. ‘ಮಳೆ ನೀರಲ್ಲಿ ತಲೆ ತೊಳೆದರೆ ನೊರೆ ಚೆನ್ನಾಗಿ ಬರುತ್ತೆ ಕಣೆ’ ಅಂತು. ಆಗ ನಾನು ಮೂರು ಲೋಟ ಇಟ್ಟು ಪರೀಕ್ಷೆ ಮಾಡಿದೆ.

1. ಬೋರ್‌ವೆಲ್ ನೀರು + ಸೋಪು: ಗಸಿ ಬಂತು, ಗುಳ್ಳೆ ಇಲ್ಲ.
2. ಮಳೆ ನೀರು + ಅಷ್ಟೇ ಸೋಪು: ಒಳ್ಳೆ ನೊರೆ, ದೊಡ್ಡ ದೊಡ್ಡ ಗುಳ್ಳೆ.
3. ಬೋರ್‌ವೆಲ್ ನೀರು + ಒಂದು ಪೊಟ್ಟಣ ಶಾಂಪೂ: ಗುಳ್ಳೆ ಬಂತು, ಆದರೆ ಬೇಗ ಒಡೆಯಿತು.

ಇದಕ್ಕೆ ಕಾರಣವನ್ನು ವಿಜ್ಞಾನದ ಮೇಷ್ಟ್ರು ಹೇಳಿದರು. ಭೂಮಿಯೊಳಗೆ ಕಲ್ಲು ಮಣ್ಣಿನ ನಡುವೆ ಇರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಕರಗಿರುತ್ತವೆ. ಇವು ಹೆಚ್ಚಾಗಿರುವ ನೀರೇ ಗಡಸು ನೀರು. ಸೋಪು ಆ ಲವಣಗಳ ಜೊತೆ ಸೇರಿ ಗಸಿಯಾಗುತ್ತದೆ, ನೊರೆಯಾಗುವುದಿಲ್ಲ. ಮಳೆ ನೀರು ಮೆದು ನೀರು. ಅದರಲ್ಲಿ ಈ ಲವಣಗಳು ಇಲ್ಲವೆನ್ನುವಷ್ಟು ಕಡಿಮೆ. ಶಾಂಪೂ ಮಾಡುವ ವಸ್ತು ಬೇರೆ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಅಜ್ಜಿ ಕಾಲದಲ್ಲಿ ಬಳಸುತ್ತಿದ್ದ ಅಂಟುವಾಳದ ಕಾಯಿಯೂ ಹೀಗೇ.

ನಾನು ಮಾಡಿದ ತಪ್ಪು

ಗುಳ್ಳೆ ಬೇಗ ಒಡೆಯದ ಹಾಗೆ ಮಾಡಲು ನೀರಿಗೆ ಸಕ್ಕರೆ ಹಾಕಬೇಕು ಅಂತ ಯಾರೋ ಹೇಳಿದ್ದರು. ಅದು ನಿಜವೇ. ಸಕ್ಕರೆ ಹಾಕಿದರೆ ನೀರು ಸ್ವಲ್ಪ ಮಂದವಾಗಿ ಗುಳ್ಳೆಯ ಪೊರೆ ಬೇಗ ಒಣಗುವುದಿಲ್ಲ. ನಾನು ಪುಟ್ಟಿಯ ಎದುರಿಗೇ ಒಂದು ಚಮಚ ಸಕ್ಕರೆ ಹಾಕಿ ಕಲಸಿದೆ. ಕುಡಿಯುವ ಲೋಟದಲ್ಲೇ ಕಲಸಿದೆ. ಊದಲು ಪರಂಗಿ ಎಲೆಯ ಕೊಳವೆ ಕೊಟ್ಟೆ. ಪಕ್ಕದ ಮನೆ ಹುಡುಗ ಬಿದ್ದು ಅತ್ತನೆಂದು ಎದ್ದು ಹೋದೆ.

ಬರುವಷ್ಟರಲ್ಲಿ ಪುಟ್ಟಿ ಕೆಮ್ಮುತ್ತಿದ್ದಳು. ಬಾಯಲ್ಲಿ ನೊರೆ. ಅವಳು ಅದನ್ನು ಶರಬತ್ತು ಅಂದುಕೊಂಡು ಕೊಳವೆಯಿಂದ ಎಳೆದು ಕುಡಿದಿದ್ದಳು. ಅಜ್ಜಿ ಓಡಿ ಬಂದು ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಲು ಹೋಯಿತು. ನನಗೆ ಕೈಕಾಲು ನಡುಕ. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಅಕ್ಕ ಗಲಾಟೆ ಕೇಳಿ ಬಂದು, ‘ಅಜ್ಜಿ, ವಾಂತಿ ಮಾಡಿಸಬೇಡಿ! ನೊರೆ ಶ್ವಾಸಕೋಶಕ್ಕೆ ಹೋದರೆ ಕಷ್ಟ’ ಎಂದು ತಡೆದರು. ಬಾಯಿ ತೊಳೆಸಿ, ಒಂದೆರಡು ಗುಟುಕು ನೀರು ಮಾತ್ರ ಕುಡಿಸಿದರು. ಕೆಮ್ಮು ನಿಲ್ಲದಿದ್ದರೆ, ಉಸಿರಾಡಲು ಕಷ್ಟವಾದರೆ, ಮತ್ತೆ ಮತ್ತೆ ವಾಂತಿಯಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು ಎಂದು ಹೇಳಿ, ಅರ್ಧ ಗಂಟೆ ನಮ್ಮ ಮನೆಯಲ್ಲೇ ಕುಳಿತಿದ್ದರು. ಕೆಮ್ಮು ನಿಂತಿತು. ಸಂಜೆ ಹೊತ್ತಿಗೆ ಪುಟ್ಟಿ ಮುದ್ದೆ ಉಂಡಳು.

ಅವ್ವ ಬಂದಾಗ ನಾನೇ ಎಲ್ಲ ಹೇಳಿದೆ. ಸೋಪಿಗೆ ಬೈದ ಅವ್ವ ಇದಕ್ಕೆ ಬೈಯಲಿಲ್ಲ. ಸುಮ್ಮನೆ ಪುಟ್ಟಿಯನ್ನು ಎತ್ತಿಕೊಂಡು ಕೂತಳು. ನನಗೆ ಅದೇ ಜಾಸ್ತಿ ಬೇಜಾರಾಯಿತು. ಗುಳ್ಳೆ ಆಟವೇ ಬೇಡ ಅಂತ ಎಲ್ಲ ಎತ್ತಿಟ್ಟೆ. ಆದರೆ ಮೂರನೇ ದಿನ ಪುಟ್ಟಿಯೇ ‘ಅಕ್ಕಾ, ಗುಳ್ಳೆ’ ಅಂತ ಬಂದಳು. ಆಗ ಯೋಚನೆ ಮಾಡಿದೆ. ತಪ್ಪು ಮಗುವಿನದಲ್ಲ. ನಾಲ್ಕು ವರ್ಷದ ಮಗು ಏನು ಮಾಡಬಹುದು ಎಂದು ನೋಡಿಕೊಂಡು ಆಟಿಕೆ ಮಾಡಬೇಕಿತ್ತು. ಹಾಗೆ ಮಾಡಿದ ಎರಡು ಆಟಿಕೆಗಳನ್ನು ಕೆಳಗೆ ಬರೆದಿದ್ದೇನೆ.

ಗುಳ್ಳೆ ನೀರು

ಒಂದು ಲೋಟ ಉಗುರು ಬೆಚ್ಚಗಿನ ಮಳೆ ನೀರು, ಎರಡು ಚಮಚ ತುರಿದ ಮೈ ಸೋಪು. ನಿಧಾನವಾಗಿ ಕರಗಿಸಿ, ಒಂದು ರಾತ್ರಿ ಬಿಡಿ. ಸಕ್ಕರೆ ಬೇಡ. ಅದಿಲ್ಲದಿದ್ದರೂ ಗುಳ್ಳೆ ಬರುತ್ತದೆ. ತಟ್ಟೆ ಲೋಟ ಬಿಟ್ಟು ಒಡೆದ ಬಕೆಟ್ಟಿನ ತಳ ಅಥವಾ ತೆಂಗಿನ ಚಿಪ್ಪಿನಲ್ಲಿ ಹಾಕಿಕೊಳ್ಳಿ. ಕುಡಿಯುವ ಪಾತ್ರೆ ಅಲ್ಲ ಅಂತ ಮಗುವಿಗೆ ನೋಡಿದ ಕೂಡಲೇ ಗೊತ್ತಾಗಬೇಕು.

ಬೀಸುವ ಬಳೆ (ಐದು ವರ್ಷದ ಒಳಗಿನವರಿಗೆ)

ತೆಂಗಿನ ಗರಿಯ ಹಸಿ ಕಡ್ಡಿಯನ್ನು ಬಗ್ಗಿಸಿ ಬಳೆಯಷ್ಟು ದೊಡ್ಡ ಉಂಗುರ ಮಾಡಿ, ಬುಡವನ್ನು ದಾರದಿಂದ ಬಿಗಿಯಾಗಿ ಕಟ್ಟಿ. ಉಳಿದ ಕಡ್ಡಿಯೇ ಹಿಡಿ. ಚೂಪಾದ ತುದಿಗೆ ಬಟ್ಟೆ ಸುತ್ತಿ. ಉಂಗುರಕ್ಕೂ ಹತ್ತಿ ದಾರ ಸುತ್ತಿದರೆ ಅದು ನೀರನ್ನು ಹಿಡಿದುಕೊಳ್ಳುತ್ತದೆ, ಗುಳ್ಳೆ ಹೆಚ್ಚು ಬರುತ್ತದೆ. ಅದ್ದಿ, ಮೆಲ್ಲಗೆ ಗಾಳಿಯಲ್ಲಿ ಬೀಸಿ. ಇದನ್ನು ಬಾಯಿಗೆ ಇಡುವ ಕೆಲಸವೇ ಇಲ್ಲ. ಪ್ಲಾಸ್ಟಿಕ್ ಬಳೆಯನ್ನು ಕಡ್ಡಿಗೆ ಕಟ್ಟಿದರೂ ಆಗುತ್ತದೆ. ಗಾಜಿನ ಬಳೆ ಬೇಡ.

ಊದುವ ಕೊಳವೆ (ದೊಡ್ಡವರಿಗೆ)

ಪರಂಗಿ ಎಲೆಯ ದಂಟು ಒಳಗೆ ಟೊಳ್ಳು. ಒಂದು ಗೇಣು ಉದ್ದ ಕತ್ತರಿಸಿ, ಹಾಲು ಹೋಗುವ ತನಕ ತೊಳೆದು, ಎರಡು ದಿನ ಬಿಸಿಲಲ್ಲಿ ಒಣಗಿಸಿ. ಹಸಿ ಹಾಲು ತಾಗಿದರೆ ಬಾಯಿ ಉರಿಯುತ್ತದೆ. ಹರಳು ಗಿಡದ ದಂಟೂ ಟೊಳ್ಳೇ, ಆದರೆ ಅದರ ಬೀಜ ವಿಷ. ಚಿಕ್ಕವರನ್ನು ಆ ಗಿಡದ ಹತ್ತಿರ ಕರೆದುಕೊಂಡು ಹೋಗಬೇಡಿ.

ಈಗ ಮುಖ್ಯವಾದ ವಿಷಯ. ಬಾಯಿ ಇಡುವ ತುದಿಯಿಂದ ಎರಡು ಬೆರಳು ಕೆಳಗೆ ದಬ್ಬಣದಿಂದ ಒಂದು ಸಣ್ಣ ತೂತು ಮಾಡಿ. ಮರೆತು ಯಾರಾದರೂ ಒಳಕ್ಕೆ ಎಳೆದರೆ ಆ ತೂತಿನಿಂದ ಗಾಳಿ ಒಳಗೆ ಬರುತ್ತದೆ, ನೀರು ಮೇಲಕ್ಕೆ ಏರುವುದಿಲ್ಲ. ಊದಿದಾಗ ಸ್ವಲ್ಪ ಗಾಳಿ ಆಚೆ ಹೋದರೂ ಗುಳ್ಳೆ ಬಂದೇ ಬರುತ್ತದೆ. ಕೊಡುವ ಮೊದಲು ಬರೀ ನೀರಿನಲ್ಲಿ ಎಳೆದು ಪರೀಕ್ಷೆ ಮಾಡಿ. ನೀರು ಬಾಯಿಗೆ ಬಂದರೆ ಇನ್ನೊಂದು ತೂತು ಮಾಡಿ. ತೂತಿನ ಮೇಲೆ ಬೆರಳು ಇಟ್ಟರೆ ಉಪಯೋಗವಿಲ್ಲ, ಅದನ್ನೂ ಹೇಳಿಕೊಡಿ.

ಗುಳ್ಳೆ ಯಾಕೆ ದುಂಡಗೆ? ಬಣ್ಣ ಎಲ್ಲಿಂದ?

ಪುಟ್ಟಿ ‘ಚೌಕ ಗುಳ್ಳೆ ಮಾಡಿಕೊಡು’ ಅಂದಳು. ಕಡ್ಡಿಯನ್ನು ಚೌಕವಾಗಿ ಕಟ್ಟಿ ಬೀಸಿದೆ. ಬಂದದ್ದು ದುಂಡು ಗುಳ್ಳೆಯೇ! ಸೋಪು ನೀರಿನ ಪೊರೆ ಎಳೆದ ರಬ್ಬರಿನ ಹಾಗೆ ಯಾವಾಗಲೂ ಕುಗ್ಗಲು ನೋಡುತ್ತದೆ. ಒಳಗೆ ಸಿಕ್ಕಿದ ಗಾಳಿಯನ್ನು ಅತಿ ಕಡಿಮೆ ಪೊರೆಯಲ್ಲಿ ಸುತ್ತಬೇಕೆಂದರೆ ಚೆಂಡಿನ ಆಕಾರವೇ ಆಗಬೇಕು.

ಬಣ್ಣಕ್ಕೆ ಕಾರಣ ಬೆಳಕು. ಪೊರೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೂ ಇಲ್ಲದಿರಬಹುದು. ಅದರ ಹೊರಮೈಯಿಂದಲೂ ಒಳಮೈಯಿಂದಲೂ ಬೆಳಕು ತಿರುಗಿ ಬಂದು ಒಂದಕ್ಕೊಂದು ಸೇರುತ್ತದೆ. ಆಗ ಕೆಲವು ಬಣ್ಣ ಹೆಚ್ಚುತ್ತವೆ, ಕೆಲವು ಅಳಿಯುತ್ತವೆ. ಪೊರೆ ತೆಳುವಾದಂತೆ ಬಣ್ಣ ಬದಲಾಗುತ್ತದೆ. ಬಣ್ಣ ಹೋಗಿ ಮೇಲ್ಭಾಗ ಕಪ್ಪಗೆ ಕಂಡರೆ ಗುಳ್ಳೆ ಒಡೆಯುವ ಹೊತ್ತು ಬಂತು ಅಂತ ತಿಳಿಯಿರಿ.

ಬೆಲ್ಜಿಯಂ ದೇಶದ ಜೋಸೆಫ್ ಪ್ಲಾಟೊ ಎಂಬ ವಿಜ್ಞಾನಿ ಸೋಪಿನ ಪೊರೆಗಳ ಬಗ್ಗೆ ವರ್ಷಗಟ್ಟಲೆ ಪ್ರಯೋಗ ಮಾಡಿ 1873ರಲ್ಲಿ ದೊಡ್ಡ ಪುಸ್ತಕ ಬರೆದರು. ಆ ಹೊತ್ತಿಗೆ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಜೊತೆಯವರು ನೋಡಿ ಹೇಳುತ್ತಿದ್ದರು, ಅವರು ಕೇಳಿ ಯೋಚಿಸುತ್ತಿದ್ದರು. ನಮಗೆ ಎರಡೂ ಕಣ್ಣಿದೆ, ನಾವು ಇನ್ನೂ ಚೆನ್ನಾಗಿ ನೋಡಬೇಕು ಅಂತ ಮೇಷ್ಟ್ರು ಹೇಳಿದರು.

ಎಚ್ಚರಿಕೆ

1. ಬಟ್ಟೆ ಒಗೆಯುವ ಪುಡಿ ಹಾಕಬೇಡಿ. ಕಣ್ಣಿಗೂ ಬಾಯಿಗೂ ಕೆಟ್ಟದ್ದು.
2. ಕಣ್ಣಿಗೆ ಸೋಪು ನೀರು ಬಿದ್ದರೆ ಉಜ್ಜಬೇಡಿ. ಹತ್ತು ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆಯಿರಿ. ಉರಿ ಹೋಗದಿದ್ದರೆ ಆಸ್ಪತ್ರೆಗೆ ಹೋಗಿ.
3. ಸಿಮೆಂಟು ನೆಲದ ಮೇಲೆ ಆಡಬೇಡಿ, ಜಾರುತ್ತದೆ. ಮಣ್ಣಿನ ಅಂಗಳ ಒಳ್ಳೆಯದು.
4. ಉಳಿದ ನೀರನ್ನು ದನ ಕುಡಿಯುವ ತೊಟ್ಟಿಗೆ ಚೆಲ್ಲಬೇಡಿ.
5. ಚಿಕ್ಕ ಮಕ್ಕಳನ್ನು ಬಿಟ್ಟು ಏಳಬೇಡಿ. ಏಳಲೇಬೇಕಾದರೆ ಗುಳ್ಳೆ ನೀರನ್ನೂ ಕೈಯಲ್ಲಿ ಎತ್ತಿಕೊಂಡು ಹೋಗಿ.

ಕೊನೆಗೆ ಒಂದು ಮಾತು. ಒಣ ಬೆರಳು ತಾಗಿದರೆ ಗುಳ್ಳೆ ಒಡೆಯುತ್ತದೆ. ಸೋಪು ನೀರಲ್ಲಿ ನೆನೆದ ಅಂಗೈ ಮೇಲೆ ಇಳಿದರೆ ಒಡೆಯದೆ ಕೂರುತ್ತದೆ. ಮೊನ್ನೆ ಅವ್ವ ಕೂಲಿಯಿಂದ ಬಂದು ಸೋಪಿನಿಂದ ಕೈ ತೊಳೆಯುತ್ತಿದ್ದಳು. ಪುಟ್ಟಿ ಬಳೆ ಬೀಸಿದಳು. ಒಂದು ಗುಳ್ಳೆ ಹೋಗಿ ಅವ್ವನ ಕೈ ಮೇಲೆ ಕೂತಿತು. ಅವ್ವ ಕೈ ಅಲ್ಲಾಡಿಸದೆ ಅದು ಒಡೆಯುವ ತನಕ ನೋಡಿದಳು. ಆಮೇಲೆ ‘ಇನ್ನೊಂದು ಬಿಡು’ ಅಂದಳು.

ನೀವೂ ಮಾಡಿ ನೋಡಿ. ನಿಮ್ಮ ಮನೆ ನೀರಿನಲ್ಲಿ ಗುಳ್ಳೆ ಬಂತೋ ಇಲ್ಲವೋ ನನಗೆ ತಿಳಿಸಿ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಇಂತಿ ನಿಮ್ಮ ಗೆಳತಿ,
7ನೇ ತರಗತಿ