ದನಿ ಒಡೆದರೆ ವಯಸ್ಸನ್ನೇ ದೂರಬೇಡಿ

ಬುರ್ರಕಥೆ ಈರಮ್ಮ ಸಂಡೂರು ತಾಲ್ಲೂಕಿನ ದರೋಜಿಯವರು. 2014ರಲ್ಲಿ ತೀರಿಕೊಂಡಾಗ ಅವರಿಗೆ ಎಂಬತ್ತು ದಾಟಿತ್ತು. ಅಚ್ಚು ಹಾಕಿದರೆ ಸಾವಿರಾರು ಪುಟವಾಗುವ ಕಾವ್ಯಗಳನ್ನು ಈ ನಾಡೋಜ ನೆನಪಿನಿಂದಲೇ ಹಾಡುತ್ತಿದ್ದರು. ಅಷ್ಟೂ ಕಾವ್ಯಕ್ಕೆ ದನಿ ಕೊಟ್ಟದ್ದು ಗಂಟಲೊಳಗಿನ ಎರಡು ಪುಟ್ಟ ಮಡಿಕೆಗಳು. ಹೆಂಗಸರಲ್ಲಿ ಅವುಗಳ ಉದ್ದ ಒಂದೂವರೆ ಸೆಂಟಿಮೀಟರ್ ಆಸುಪಾಸು, ಗಂಡಸರಲ್ಲಿ ತುಸು ಹೆಚ್ಚು.

ಉಸಿರಾಡುವಾಗ ಈ ಧ್ವನಿತಂತುಗಳು ತೆರೆದಿರುತ್ತವೆ. ಮಾತಾಡಲು ಹೊರಟ ಕೂಡಲೇ ಒಂದಕ್ಕೊಂದು ಅಂಟಿ ನಿಲ್ಲುತ್ತವೆ. ಶ್ವಾಸಕೋಶದಿಂದ ಮೇಲೇರಿದ ಗಾಳಿ ಅವನ್ನು ತಳ್ಳಿ ತೆರೆಯುತ್ತದೆ, ಅವು ಮತ್ತೆ ಮುಚ್ಚಿಕೊಳ್ಳುತ್ತವೆ. ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ ಸುಮಾರು ಇನ್ನೂರು ಸಲ ಹೀಗೆ ನಡೆಯುತ್ತದೆ. ಎರಡರ ಅಂಚು ಸರಿಯಾಗಿ ಕೂಡದಿದ್ದರೆ ಗಾಳಿ ಸೋರಿ ದನಿ ಪೊಳ್ಳಾಗುತ್ತದೆ. ಅಂಚಿನಲ್ಲಿ ಊತವೋ ಗಂಟೋ ಇದ್ದರೆ ಕಂಪನ ತಾಳ ತಪ್ಪಿ ದನಿ ಗೊಗ್ಗರಾಗುತ್ತದೆ.

ವಯಸ್ಸಾದಂತೆ ತಂತುಗಳೊಳಗಿನ ಸ್ನಾಯು ಸೊರಗುತ್ತದೆ, ಮೇಲಿನ ಮೆತ್ತನೆಯ ಪದರ ಬಿಗಿಯಾಗುತ್ತದೆ. ಮುಚ್ಚಿದಾಗಲೂ ನಡುವೆ ಸಣ್ಣ ಸಂದು ಉಳಿಯುತ್ತದೆ. ಅಜ್ಜನ ದನಿ ತೆಳುವಾಗುವುದಕ್ಕೆ ಇದೂ ಒಂದು ಕಾರಣ. ಅಜ್ಜಿಯ ದನಿ ಮುಟ್ಟು ನಿಂತ ಮೇಲೆ ತುಸು ದಪ್ಪವಾಗುತ್ತದೆ. ಇದು ರೋಗವಲ್ಲ. ಆದರೆ ರೋಗಗಳೂ ಇದೇ ದನಿಯಲ್ಲಿ ಮಾತಾಡುತ್ತವೆ ಎಂಬುದೇ ತೊಡಕು.

ನೆಗಡಿಯ ಜೊತೆ ಕಟ್ಟಿದ ಗಂಟಲು ಸಾಮಾನ್ಯವಾಗಿ ಎರಡು ವಾರದೊಳಗೆ ಬಿಡುತ್ತದೆ. ಸಂಡೂರಿನಂಥ ಗಣಿ ಸೀಮೆಯಲ್ಲಿ ಅದಿರು ಲಾರಿಗಳ ಕೆಂಧೂಳು ಗಂಟಲನ್ನು ಕೆರಳಿಸಬಹುದು. ಬೀಡಿ, ಸಿಗರೇಟಿನ ಹೊಗೆ ತಂತುಗಳನ್ನು ಊದಿಸುತ್ತದೆ. ಹೊಟ್ಟೆಯ ಆಮ್ಲ ಮೇಲೆ ಬಂದರೂ ದನಿ ಕೆಡಬಹುದು. ಥೈರಾಯ್ಡ್ ಹಾರ್ಮೋನು ಕಡಿಮೆಯಾದವರ ದನಿ ಒರಟಾಗಬಹುದು, ಪಾರ್ಕಿನ್ಸನ್ ಇರುವವರ ಮಾತು ಮೆಲ್ಲಗಾಗಿ ಏರಿಳಿತ ಕಳೆದುಕೊಳ್ಳಬಹುದು. ದಮ್ಮಿಗೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆಯುವವರಿಗೆ ಗಂಟಲಲ್ಲಿ ಬೂಷ್ಟಿನ ಸೋಂಕಾಗುವುದುಂಟು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ ಎಂದು ವೈದ್ಯರು ಹೇಳುವುದು ಅದಕ್ಕೇ.

ಇನ್ನು ಕೆಲವು ಕಾರಣಗಳು ಗಂಟಲಲ್ಲೇ ಇರುವುದಿಲ್ಲ. ಎಡಗಡೆಯ ತಂತುವನ್ನು ಆಡಿಸುವ ನರ ಮಿದುಳಿನ ಬುಡದಿಂದ ನೇರವಾಗಿ ಗಂಟಲಿಗೆ ಬರದೆ ಎದೆಗೂಡಿಗೆ ಇಳಿದು, ಹೃದಯದಿಂದ ಹೊರಡುವ ಮಹಾಧಮನಿಯನ್ನು ಬಳಸಿ, ಮತ್ತೆ ಮೇಲೇರುತ್ತದೆ. ಸಂಡೂರಿನಿಂದ ಹೊಸಪೇಟೆಗೆ ಬಳ್ಳಾರಿ ಸುತ್ತಿ ಹೋದ ಹಾಗೆ. ಈ ದಾರಿಯಲ್ಲಿ ಶ್ವಾಸಕೋಶದ ಗಡ್ಡೆ, ಉಬ್ಬಿದ ಧಮನಿ ಅಥವಾ ಥೈರಾಯ್ಡ್ ಗಡ್ಡೆ ನರವನ್ನು ಒತ್ತಿದರೆ ತಂತು ಆಡದೆ ನಿಲ್ಲುತ್ತದೆ. ದನಿ ಕೆಟ್ಟಿದೆ ಎಂದು ಹೋದವರಿಗೆ ವೈದ್ಯರು ಎದೆಯ ಸ್ಕ್ಯಾನ್ ಬರೆದರೆ ಅಚ್ಚರಿಪಡಬೇಕಿಲ್ಲ.

ಹೆಚ್ಚು ಹೆದರಿಸುವುದು ಧ್ವನಿಪೆಟ್ಟಿಗೆಯ ಕ್ಯಾನ್ಸರ್. ಆದರೆ ತಂತುವಿನ ಮೇಲೆಯೇ ಹುಟ್ಟಿದರೆ ಅದು ಚಿಕ್ಕದಿದ್ದಾಗಲೇ ದನಿ ಕೆಡಿಸಿ ಸುಳಿವು ಕೊಡುತ್ತದೆ. ಆ ಹಂತದಲ್ಲಿ ಸಿಕ್ಕರೆ ಬಹುಪಾಲು ಜನ ಗುಣವಾಗುತ್ತಾರೆ. ‘ವಯಸ್ಸಾಯ್ತಲ್ಲ, ಇನ್ನೇನು’ ಎಂದು ತಿಂಗಳುಗಟ್ಟಲೆ ಕೂತವರು ಈ ಅವಕಾಶವನ್ನು ಕಳೆದುಕೊಳ್ಳುತ್ತಾರೆ.

ಕಷಾಯ, ಜೇಷ್ಠಮಧು ಗಂಟಲಿಗೆ ಹಿತ ಕೊಡುತ್ತವೆ. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ತಂತುಗಳನ್ನು ಮುಟ್ಟುವುದಿಲ್ಲ; ಮುಟ್ಟಿದರೆ ಕೆಮ್ಮು ಬರುತ್ತದೆ. ಟಾರ್ಚ್ ಹಿಡಿದು ಬಾಯಿ ತೆರೆದರೂ ಅವು ಕಾಣವು. 1854ರಲ್ಲಿ ಮ್ಯಾನ್ಯುಯೆಲ್ ಗಾರ್ಸಿಯಾ ಎಂಬ ಸ್ಪೇನ್ ಮೂಲದ ಸಂಗೀತ ಮೇಷ್ಟ್ರು ಪುಟ್ಟ ಕನ್ನಡಿಯನ್ನು ಗಂಟಲ ಹಿಂದಿಟ್ಟು, ಬಿಸಿಲು ಹಾಯಿಸಿ, ತಮ್ಮದೇ ತಂತುಗಳ ಆಟ ಕಂಡರು. ಇಂದು ಇ.ಎನ್.ಟಿ. ವೈದ್ಯರು ಮೂಗಿನಿಂದ ತೆಳು ಕ್ಯಾಮೆರಾ ಇಳಿಸಿ ಕೆಲವೇ ನಿಮಿಷದಲ್ಲಿ ಅದನ್ನೇ ನೋಡುತ್ತಾರೆ.

ಮೂರು ವಾರವಾದರೂ ದನಿ ತಿಳಿಯಾಗದಿದ್ದರೆ ತೋರಿಸಿ. ಬೀಡಿ, ಸಿಗರೇಟು, ತಂಬಾಕಿನ ಅಭ್ಯಾಸವಿದ್ದರೆ, ಕತ್ತಿನಲ್ಲಿ ಗಂಟು, ನುಂಗಲು ಕಷ್ಟ, ಕಫದಲ್ಲಿ ರಕ್ತ ಕಂಡರೆ ಅಷ್ಟೂ ಕಾಯಬೇಡಿ. ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ನೋಡಿದ ಮೇಲೆ ವೈದ್ಯರು ‘ಇದು ವಯಸ್ಸಿನದೇ’ ಎಂದರೂ ಅದು ಕೊನೆಯ ಮಾತಲ್ಲ. ಧ್ವನಿ ಚಿಕಿತ್ಸಕರು ಕಲಿಸುವ ಕಸರತ್ತಿನಿಂದ ಸೊರಗಿದ ದನಿಯೂ ಎಷ್ಟೋ ಸುಧಾರಿಸುತ್ತದೆ.