ಮುಂಬಯಿಯ ಒಂದು ಖೋಲಿಯ ಬಾಡಿಗೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಮುಂಬಯಿಯಲ್ಲಿ ನೌಕರಿ ದೊರೆಯಿತು. ಅಡಿಗೆಗೊಂದು ಮೂಲೆ, ಸ್ನಾನಕ್ಕೊಂದು ಮರೆ ಉಳ್ಳ ಒಂದೇ ಖೋಲಿ. ತಿಂಗಳಿಗೆ 20,000 ರೂಪಾಯಿ ಬಾಡಿಗೆ. ಠೇವಣಿ ಒಂದು ಲಕ್ಷ. ಅದಕ್ಕಾಗಿ ಹೊಲವನ್ನು ಅಡವಿಡಬಹುದೇ ಎಂದು ಕೇಳಲು ಅವನ ತಂದೆ ನನ್ನಲ್ಲಿಗೆ ಬಂದರು. “ಹೇಗೂ ಮರಳಿ ಬರುವ ಹಣವಲ್ಲವೇ?” ಎಂಬುದು ಅವರ ವಾದ.

ಠೇವಣಿಯೇನೋ ಮರಳಿ ಬರುತ್ತದೆ. ಅದರ ಬಡ್ಡಿ ಬರುವುದಿಲ್ಲ. ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು. ಕರಾರು ಹನ್ನೊಂದು ತಿಂಗಳಿನದು; ಬಾಡಿಗೆಯೇ 2,20,000. ದಲಾಲನಿಗೆ ಒಂದು ತಿಂಗಳ ಬಾಡಿಗೆ. ಶೇಕಡಾ 12ರಂತೆ ಸಾಲ ತಂದರೆ ಬಡ್ಡಿ 11,000. ಮುದ್ರಾಂಕ, ನೋಂದಣಿಗಳಿಗೆ ಸುಮಾರು 1,600. ಎಲ್ಲವನ್ನೂ ಕೂಡಿಸಿ ಭಾಗಿಸಿದರೆ ತಿಂಗಳಿಗೆ ಸುಮಾರು 23,000 ಬೀಳುತ್ತದೆ. ಅದಕ್ಕಿಂತ ಕಠಿಣವಾದುದು ಮೊದಲ ದಿನ: ಸಂಬಳದ ಮುಖ ಕಾಣುವ ಮೊದಲೇ 1,41,600 ರೂಪಾಯಿ ಕೈಯಿಂದ ಹೋಗಬೇಕು.

ಇಷ್ಟೊಂದು ದುಬಾರಿ ಏಕೆ? ಊರು ದೊಡ್ಡದು, ನೆಲ ಕಡಿಮೆ ಎಂಬುದು ಅರ್ಧ ಉತ್ತರ ಮಾತ್ರ. 1947ರ ಮುಂಬಯಿ ಬಾಡಿಗೆ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು 1940ರ ಸಪ್ಟೆಂಬರದ ಮಟ್ಟಕ್ಕೆ ಕಟ್ಟಿಹಾಕಿತು. ಆಗಿನ ಬಾಡಿಗೆದಾರರಿಗೆ ಅದು ದೊಡ್ಡ ಆಸರೆ, ಅದನ್ನು ಹಳಿಯಲಾರೆ. ಆದರೆ ಅಂಥ ಬಾಡಿಗೆಯಲ್ಲಿ ದುರಸ್ತಿಯ ಖರ್ಚೂ ಹುಟ್ಟದಂತಾಯಿತು. ಮಾಲಿಕರು ಬಾಡಿಗೆಗೆ ಮನೆ ಕಟ್ಟುವುದನ್ನು ಬಿಟ್ಟು ಮಾರುವುದಕ್ಕೆ ಕಟ್ಟತೊಡಗಿದರು. ಒಳಗಿದ್ದವರು ಬಿಡಲಿಲ್ಲ; ಹೊಸಬರು ‘ಪಗಡಿ’ ಎಂಬ ದೊಡ್ಡ ಮೊತ್ತವನ್ನು ತೆತ್ತು ಒಳಹೊಗಬೇಕಾಯಿತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು ಪಗಡಿಗೆ ಕಾನೂನಿನ ಒಪ್ಪಿಗೆಯನ್ನೇ ಕೊಟ್ಟಿತು.

ಇಂದು ಹೊಸಬರಿಗೆ ಸಾಮಾನ್ಯವಾಗಿ ಸಿಗುವುದು ಬಾಡಿಗೆಯ ಹಕ್ಕಲ್ಲ, ವಾಸದ ಅನುಮತಿ ಮಾತ್ರ. ಅವಧಿ ಮುಗಿದ ಮೇಲೂ ಬಿಡದಿದ್ದರೆ ಇಮ್ಮಡಿ ತೆರಬೇಕು. ಅದೇ ಕಾಯಿದೆಯ 55ನೆಯ ಕಲಮು ಬಡವನ ಪಕ್ಷದ್ದು: ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಬೇಕು, ಆ ಹೊಣೆ ಮಾಲಿಕನದು. ನೋಂದಣಿ ಇಲ್ಲದಿದ್ದರೆ, ಬೇರೆ ರೀತಿ ಸಿದ್ಧವಾಗುವವರೆಗೆ, ವಾಸಿಸುವವನು ಹೇಳಿದ ಷರತ್ತುಗಳೇ ನಿಲ್ಲುತ್ತವೆ. ನಮ್ಮ ಹುಡುಗರು ಇದನ್ನು ಅರಿಯದೆ ಬಾಯಿಮಾತಿನ ಮೇಲೆ ಹಣ ಕೊಟ್ಟುಬಿಡುತ್ತಾರೆ.

ಹೊಲ ಅಡವಾಗಲಿಲ್ಲ. ಹುಡುಗನು ಆರು ತಿಂಗಳು ಮೂವರೊಡನೆ ಒಂದು ಖೋಲಿಯಲ್ಲಿ ಮಂಚದ ಬಾಡಿಗೆ ಕೊಟ್ಟು ಇದ್ದು, ಠೇವಣಿಯನ್ನು ತಾನೇ ಕೂಡಿಹಾಕಿದನು. ಮೊನ್ನೆ ತಂದೆಯವರು ಕರಾರಿನ ಪ್ರತಿಯನ್ನು ತಂದು ತೋರಿಸಿದರು. ಠೇವಣಿಯ ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದಿದ್ದರು.