ಮನೆತನದ ಆಸ್ತಿಯಾಗಿ ಓಲೆಕಟ್ಟು: ಖಾಸಗಿ ಒಡೆತನದ ಹಸ್ತಪ್ರತಿಗಳನ್ನು ಕುರಿತು

ಕನ್ನಡ ಹಸ್ತಪ್ರತಿಗಳ ಅಧ್ಯಯನವು ಬಹುಮಟ್ಟಿಗೆ ಗ್ರಂಥಭಂಡಾರಗಳನ್ನು ಆಧರಿಸಿ ಬೆಳೆದಿದೆ. ಆದರೆ ಭಂಡಾರಗಳಲ್ಲಿರುವ ಅನೇಕ ಪ್ರತಿಗಳು ಒಂದು ಕಾಲಕ್ಕೆ ಯಾವುದೋ ಮನೆಯ ಅಟ್ಟದ ಮೇಲೆ, ಮಠದ ಪೆಟ್ಟಿಗೆಯಲ್ಲಿ ಅಥವಾ ದೇವರ ಕೋಣೆಯಲ್ಲಿ ಇದ್ದವು. ಇಂದಿಗೂ ಹಲವು ಮನೆತನಗಳು ಓಲೆಕಟ್ಟುಗಳನ್ನು ಹಿರಿಯರ ಗುರುತೆಂದು ಕಾಪಾಡಿಕೊಂಡು ಬಂದಿವೆ. ಕಟ್ಟನ್ನು ಬಿಚ್ಚಿ ಓದಬಲ್ಲವರು ಆ ಮನೆಯಲ್ಲಿ ಇಲ್ಲದಿರಬಹುದು. ಆದರೂ ಅದನ್ನು ಪರರಿಗೆ ಕೊಡಲು ಮನಸ್ಸೊಪ್ಪದು. ಇಂತಹ ಒಡೆತನದ ಸ್ವರೂಪವನ್ನು ಪರಿಶೀಲಿಸಿ, ಕಟ್ಟಿನಂತೆಯೇ ಅದನ್ನು ಕಾಪಾಡಿದ ಮನೆತನದ ತಿಳಿವಳಿಕೆಯೂ ಗ್ರಂಥಸಂಪಾದನೆಗೆ ಆಕರವೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮನೆಗಳಲ್ಲಿ ದೊರೆಯುವ ಬರಹಗಳು ಒಂದೇ ಬಗೆಯವಲ್ಲ. ಶ್ರೀತಾಳದ ಗರಿ ಅಗಲವಾದುದು, ತೆಳುವಾದುದು, ಬಾಗುವ ಗುಣವುಳ್ಳದ್ದು. ತಾಳೆಯ ಗರಿ ಅದಕ್ಕಿಂತ ಬಿರುಸು. ಇವುಗಳ ಮೇಲೆ ಕಂಠದಿಂದ ಅಕ್ಷರಗಳನ್ನು ಕೊರೆದು, ಕಾಡಿಗೆ ತೀಡಿ ಎದ್ದುಕಾಣುವಂತೆ ಮಾಡುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಸಿದ ಕಡತದಲ್ಲಿ ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಲು ಬರುತ್ತಿದ್ದುದರಿಂದ ಅದು ಲೆಕ್ಕಪತ್ರಗಳಿಗೆ ಒಪ್ಪುತ್ತಿತ್ತು. ಒಂದೇ ಪೆಟ್ಟಿಗೆಯಲ್ಲಿ ಕಾವ್ಯ, ವೈದ್ಯ, ಜ್ಯೋತಿಷ, ಯಕ್ಷಗಾನ ಪ್ರಸಂಗ, ಸಾಲದ ಲೆಕ್ಕ ಒಟ್ಟಿಗಿರುವುದುಂಟು. ವಿಷಯಾನುಸಾರವಾಗಿ ಬೇರ್ಪಡಿಸಿದೊಡನೆ, ಆ ಮನೆಯವರು ಏನನ್ನು ಓದುತ್ತಿದ್ದರು, ಯಾವ ವೃತ್ತಿಯಲ್ಲಿದ್ದರು ಎಂಬುದರ ಸಾಕ್ಷ್ಯ ಚದುರಿಹೋಗುತ್ತದೆ.

ಮನೆಯ ಭಕ್ತಿಯು ಪ್ರತಿಯನ್ನು ಉಳಿಸಿದೆ, ಕೆಲವೊಮ್ಮೆ ಅಳಿಸಿದೆ. ನವರಾತ್ರಿಯ ಸರಸ್ವತೀಪೂಜೆಗಾಗಿ ವರ್ಷಕ್ಕೊಮ್ಮೆ ಕಟ್ಟನ್ನು ಇಳಿಸಿ ಧೂಳು ಕೊಡಹುವುದು, ಎಣ್ಣೆ ಸವರುವುದು, ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಇಡುವುದು ಹುಳುಗಳಿಂದ ರಕ್ಷಣೆ ನೀಡುತ್ತಿದ್ದವು. ಆದರೆ ಶಿಥಿಲವಾದ ಪ್ರತಿಯನ್ನು ಕಸಕ್ಕೆ ಹಾಕಬಾರದೆಂಬ ಅದೇ ಭಕ್ತಿಯಿಂದ ಹೊಳೆಗೆ ಬಿಟ್ಟ ಕಟ್ಟುಗಳೂ ಇವೆ. ಪೂಜ್ಯತೆಯು ಓದಿಗೆ ಹೇಗೆ ಅಡ್ಡಿಯಾಗಬಹುದು ಎಂಬುದಕ್ಕೆ ಮೂಡಬಿದಿರೆಯ ಸಿದ್ಧಾಂತ ಬಸದಿಯ ಧವಲಾ ಪ್ರತಿಗಳು ಪ್ರಸಿದ್ಧ ನಿದರ್ಶನ. ಹಳಗನ್ನಡ ಲಿಪಿಯ ಈ ಪ್ರಾಕೃತ-ಸಂಸ್ಕೃತ ಗ್ರಂಥಗಳು ದೀರ್ಘಕಾಲ ದರ್ಶನದ ವಸ್ತುಗಳಾಗಿಯೇ ಉಳಿದಿದ್ದವು. 19ನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮುದ್ರಿತ ಸಂಪುಟಗಳು ಹೊರಬಂದವು. ವಚನಗಳ ವಿಷಯದಲ್ಲಿ ಮನೆಮನೆಯ ಬಾಗಿಲು ತಟ್ಟಿದವರು ಫ.ಗು. ಹಳಕಟ್ಟಿಯವರು. ಮನೆ ಮಠಗಳಲ್ಲಿದ್ದ ಕಟ್ಟುಗಳನ್ನು ಅವರು ಹುಡುಕಿ ಸಂಗ್ರಹಿಸಿದ್ದರಿಂದಲೇ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಪ್ರಕಟವಾಗುವುದು ಸಾಧ್ಯವಾಯಿತು.

ಭಂಡಾರ ಸೇರಿದ ಮಾತ್ರಕ್ಕೆ ಎಲ್ಲವೂ ಉಳಿಯುವುದಿಲ್ಲ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಅದನ್ನು ಒಪ್ಪಿಸಿದವರು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರೆಂಬುದಷ್ಟೇ ಗ್ರಂಥದ ಚರಿತ್ರೆಯಲ್ಲಿ ಉಳಿದಿದೆ. ಭಾರತೀಯ ರಾಜನೀತಿಯ ಅಧ್ಯಯನದ ದಿಕ್ಕನ್ನೇ ಬದಲಿಸಿದ ಆ ಕಟ್ಟು ಯಾವ ಮನೆಯಲ್ಲಿ, ಯಾವ ಗ್ರಂಥಗಳ ಜೊತೆಯಲ್ಲಿ ಇತ್ತು ಎಂಬ ಪ್ರಶ್ನೆಗೆ ಆ ಮಾತಿನಲ್ಲಿ ಉತ್ತರವಿಲ್ಲ.

ಈ ಬಗೆಯ ನಷ್ಟ ಕಾಲನಿರ್ಣಯಕ್ಕೂ ಮುಟ್ಟುತ್ತದೆ. ಪ್ರತಿಯ ಕೊನೆಯ ಪುಷ್ಪಿಕೆಯಲ್ಲಿ ಲಿಪಿಕಾರನು ಶಕವರ್ಷವನ್ನು ಕೈಬಿಟ್ಟು ಸಂವತ್ಸರ, ಮಾಸ, ತಿಥಿಗಳನ್ನು ಮಾತ್ರ ಬರೆದಿರುವುದುಂಟು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ 'ಪ್ರಭವ' ಎಂದಷ್ಟೇ ಇದ್ದರೆ ಅದು 1747, 1807, 1867 ಇವುಗಳಲ್ಲಿ ಯಾವುದಾದರೂ ಆಗಬಹುದು. ಬರೆಸಿದವನ ಹೆಸರು ಪುಷ್ಪಿಕೆಯಲ್ಲಿದ್ದು, ಆತನು ತಮ್ಮ ಎಷ್ಟನೆಯ ತಲೆಮಾರಿನವನೆಂದು ಮನೆಯವರು ಹೇಳಬಲ್ಲವರಾದರೆ ಈ ಸಂದಿಗ್ಧ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಓಲೆಯಲ್ಲಿಲ್ಲದ ಈ ಸಾಕ್ಷ್ಯವು ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಇರುತ್ತದೆ; ಹಿರಿಯರ ಕಾಲಾನಂತರ ಅದನ್ನು ಪಡೆಯುವ ಮಾರ್ಗವಿಲ್ಲ.

ಒಡೆಯರ ಹಿಂಜರಿಕೆಗೆ ಸರ್ಕಾರವು ಪ್ರತಿಯನ್ನು ಕಸಿದುಕೊಂಡೀತೆಂಬ ಭಯವೂ ಒಂದು ಕಾರಣ. 1972ರ ಪುರಾವಸ್ತು ಕಾಯಿದೆಯು 75 ವರ್ಷಕ್ಕೆ ಕಡಿಮೆಯಿಲ್ಲದ, ವೈಜ್ಞಾನಿಕ, ಐತಿಹಾಸಿಕ, ಸಾಹಿತ್ಯಿಕ ಅಥವಾ ಸೌಂದರ್ಯದ ಮೌಲ್ಯವುಳ್ಳ ಹಸ್ತಪ್ರತಿಯನ್ನು ಪುರಾವಸ್ತುವೆಂದು ಪರಿಗಣಿಸಿ, ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವುದನ್ನು ನಿಷೇಧಿಸುತ್ತದೆ. ಮನೆಯಲ್ಲಿ ಇಟ್ಟುಕೊಳ್ಳುವುದನ್ನು ಅದು ಅಪರಾಧವೆನ್ನುವುದಿಲ್ಲ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವೂ, 2025ರ ಕೇಂದ್ರ ಬಜೆಟ್‌ನಲ್ಲಿ ಘೋಷಿತವಾದ ಜ್ಞಾನ ಭಾರತಂ ಅಭಿಯಾನವೂ ಖಾಸಗಿ ಸಂಗ್ರಹಗಳನ್ನು ತಮ್ಮ ವ್ಯಾಪ್ತಿಗೆ ಸೇರಿಸಿಕೊಂಡಿವೆ. ಕ್ಷೇತ್ರಕಾರ್ಯಕ್ಕೆ ಹೋಗುವ ಸಂಶೋಧಕನು ಈ ಸಂಗತಿಗಳನ್ನು ಮೊದಲೇ ತಿಳಿಸುವುದು ಒಳಿತು.

ಪ್ರತಿಯನ್ನು ಮನೆಯಿಂದ ಕದಲಿಸದೆ ಗರಿಗಳ ಛಾಯಾಚಿತ್ರ ತೆಗೆಯುವುದು ಇಂದು ಕಷ್ಟವಲ್ಲ. ಅದರೊಂದಿಗೆ ಪೆಟ್ಟಿಗೆಯಲ್ಲಿದ್ದ ಎಲ್ಲ ಕಟ್ಟುಗಳ ಪಟ್ಟಿ, ಅವು ಇದ್ದ ಕ್ರಮ, ಮನೆತನದ ವಂಶಾವಳಿ, ಪ್ರತಿಯು ಆ ಮನೆಗೆ ಬಂದ ಬಗೆ ಇವನ್ನೂ ಹಿರಿಯರ ಬಾಯಿಂದ ಕೇಳಿ, ಅವರ ಒಪ್ಪಿಗೆ ಪಡೆದು ದಾಖಲಿಸಬೇಕು. ಛಾಯಾಪ್ರತಿಯೊಂದು ಆ ಮನೆಯಲ್ಲಿಯೂ ಉಳಿಯಬೇಕು. ಸೂಚಿಗಳಲ್ಲಿ ಗ್ರಂಥ, ಕರ್ತೃ, ಗರಿಗಳ ಸಂಖ್ಯೆಗಳಿಗೆ ಇರುವಂತೆ ಈ ವಿವರಗಳಿಗೂ ಪ್ರತ್ಯೇಕ ಅಂಕಣವಿರುವುದು ಅಗತ್ಯ.